ಅರ್ಧ ಕೊಯ್ತಾ

“ಮೀಸಿ ಬರಿರೋ ಆಕಿಗಿ! ಮೀಸಿ ಇಲ್ಲಂತ ಫೋನ ಒಲ್ಲೆ ಅನ್ಲಕತ್ತದ. ಬರದು ನೋಡಮು.”

ಕಬ್ಬು ಕಡಿಯಲು ಕೂಲಿಯವರನ್ನು ಕರೆದೊಯ್ಯುವ ಮುಕಾದಮ ವೈಜಿನಾಥ ಪಾಟೀಲ ಹಾಗೆಂದದ್ದೇ ತಡ, ಕಟ್ಟೆಯ ಮೇಲಿದ್ದ ಗಂಡಸರೆಲ್ಲ ಹೋ ಎಂದು ನಕ್ಕರು. ಪಾಟೀಲನ ಹೆಂಡತಿಯ ತಮ್ಮ ಮಾಣಿಕ ಚಹಾದ ಒಲೆಯಿಂದ ಆರಿದ ಇದ್ದಿಲಿನ ಚೂರೊಂದನ್ನು ಹೆಕ್ಕಿ ತಂದ. ಕಟ್ಟೆಯ ಕೆಳಗೆ ಬಿಸಿಲಿನಲ್ಲಿ ನಿಂತಿದ್ದ ಕೌಸಲ್ಯಾಬಾಯಿ ಹಿಂದೆ ಸರಿಯಲಿಲ್ಲ. ಮೀಸೆ ಬರೆದರೆ ಕೆಲಸ ಆಗುವುದಾದರೆ ಬರೆಯಲಿ ಬಿಡು ಎಂದುಕೊಂಡಳು. ಮಾಣಿಕ ಎಡಗೈಯಿಂದ ಅವಳ ಗದ್ದ ಹಿಡಿದು, ಬೇಕಾದ್ದಕ್ಕಿಂತ ನಿಧಾನವಾಗಿ, ತುಟಿಯ ಮೇಲೆ ಆಚೆಗೊಂದು ಈಚೆಗೊಂದು ಗೀರು ಎಳೆದ. ಅವನ ಬೆರಳು ಗುಟ್ಕಾ ನಾರುತ್ತಿತ್ತು.

ಪಾಟೀಲ ಫೋನನ್ನು ಅವಳ ಮುಖಕ್ಕೆ ಹಿಡಿದ. ಹಸಿರು ಪರದೆಯ ಮೇಲೆ ಎರಡು ದುಂಡನೆಯ ಚಿತ್ರ. ಒಂದಕ್ಕೆ ರುಮಾಲು, ಮೀಸೆ. ಇನ್ನೊಂದಕ್ಕೆ ಸೆರಗು, ಹಣೆಬೊಟ್ಟು. ಒಳಗಿನಿಂದ ಬೆಂಗಳೂರ ಕಡೆಯ ಹೆಣ್ಣುದನಿ, ಕೂಸಿಗೆ ಹೇಳುವಷ್ಟು ಮೆತ್ತಗೆ, “ದಯವಿಟ್ಟು ಮೊದಲು ಗಂಡನ ಮುಖ ತೋರಿಸಿ” ಎಂದಿತು. ಸ್ವಲ್ಪ ತಡೆದು, “ಕ್ಷಮಿಸಿ, ಪುರುಷನ ಮುಖ ಕಾಣುತ್ತಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ” ಎಂದಿತು.

“ಮುಖ ಸಾಲಂಗಿಲ್ಲ, ಬ್ಯಾರೇದ ತೋರ್ಸಬೇಕ ಅದಕ್ಕ!” ಎಂದ ಹಿಂದಿನಿಂದ ಯಾರೋ. ನಗೆ ಮತ್ತೊಮ್ಮೆ ಎದ್ದಿತು.

ಕಬ್ಬು ಕಡಿಯುವ ಕುಡುಗೋಲಿಗೆ ಕೊಯ್ತಾ ಎನ್ನುತ್ತಾರೆ. ಅದನ್ನು ಹಿಡಿದವರಿಗೂ ಅದೇ ಹೆಸರು. ಗಂಡ ಕಡಿಯಬೇಕು, ಹೆಂಡತಿ ಒಣಗರಿಯ ರವದಿ ಸುಲಿದು, ಮೋಳಿಗೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರಕ್ಕಿಗೆ ಏರಿಸಬೇಕು. ಇಬ್ಬರೂ ಕೂಡಿ ಒಂದು ಕೊಯ್ತಾ. ಒಬ್ಬಳೇ ಇದ್ದರೆ ಅರ್ಧ ಕೊಯ್ತಾ. ಅರ್ಧ ಕೊಯ್ತಾಕ್ಕೆ ಕಡಿಯುವವರ ಟೋಳಿಯಲ್ಲಿ ಜಾಗವಿಲ್ಲ, ಗದ್ದೆಯ ಬದುವಿನಲ್ಲಿ ಗುಡಿಸಲಿಲ್ಲ. ಪಂಢರಿ ಸತ್ತ ಮೇಲೆ ಕೌಸಲ್ಯಾಬಾಯಿ ತನ್ನ ನೆಗೆಣ್ಣಿ ಜಿಜಾಬಾಯಿಯನ್ನು ಜೊತೆಗೆ ಹಾಕಿಕೊಂಡು, ಅರ್ಧಕ್ಕೆ ಅರ್ಧ ಕೂಡಿಸಿ, ಎರಡು ಸುಗ್ಗಿ ಮುಗಿಸಿ ಬಂದಿದ್ದಳು. ಇವಳು ಕಡಿಯುವುದು, ಅವಳು ಕಟ್ಟುವುದು. ಆಗ ಯಾರೂ ಕೇಳಿರಲಿಲ್ಲ.

“ಪಾಟೀಲ್ರ, ನಿಮ್ಮ ಟೋಳ್ಯಾಗ ನಮ್ಮಷ್ಟು ಮೋಳಿ ಯಾರ ಹಾಕ್ಯಾರ ಹೇಳ್ರಿ.”

“ಹಾಕಿದಿ, ನಾ ಇಲ್ಲ ಅಂತೇನೇನ? ನಂಗ ಕಬ್ಬ ಕಡದ್ರ ಸಾಕು, ಸೀರಿ ಇರ್ಲಿ ಧೋತರ ಇರ್ಲಿ. ಆದರ ಈ ವರ್ಸ ಹೆಸರು ಹಚ್ಚೂದು ಎಲ್ಲಾ ಕಂಪನಿ ಫೋನಿಂದು. ಫೋನ ಗಂಡ-ಹೆಂಡ್ತಿ ಅಂತದ. ಅದಕ್ಕ ನಾ ಏನ ಶೆಂಟ ಹರಕೋಲಿ?”

“ಇಬ್ರೂ ಹೆಂಗಸರು ಅಂತ ಹಚ್ಚಲಾಕ ಬರಂಗಿಲ್ಲೇನ್ರಿ?”

“ಜಾಗಾ ಎಲ್ಲದ ಹಚ್ಚಲಾಕ? ಇಲ್ಲಿ ಗಂಡ, ಇಲ್ಲಿ ಹೆಂಡ್ತಿ. ರಂಡಿ ಮುಂಡ್ಯಾರಿಗಿ ಅಂತ ಬ್ಯಾರೆ ಇಟ್ಟಿಲ್ಲ ಅವರು.” ಪಾಟೀಲ ಫೋನನ್ನು ಅಂಗಿಗೆ ಒರೆಸಿಕೊಂಡ. “ಒಂದ ಹಾದಿ ಅದ ನೋಡು. ನಮ್ಮ ಮಾಣಿಕ ಒಬ್ಬಂಟಿ. ಅವನ ಮುಖ ಈ ಕಡಿ, ನಿಂದು ಆ ಕಡಿ. ಗಂಡ ಅಂದ್ರ ಫೋನಿನ್ಯಾಗಷ್ಟೆ. ಫೋನಿನ್ಯಾಗ ಮಲಗಲಾಕ ಬರ್ತದೇನ?”

ಮಾಣಿಕ ಇದ್ದಿಲಿನ ಬೆರಳನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತ ನಕ್ಕ. ಒಂದು ಕೊಯ್ತಾಕ್ಕೆ ಒಂದೇ ಗುಡಿಸಲು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಿಂದಿನ ವರ್ಷ ಅವನ ಜೊತೆಗೆ ಹಾಕಿದ್ದ ಒಂಟಿ ಹೆಣ್ಣುಮಗಳು ಸುಗ್ಗಿ ಮುಗಿಯುವ ಮೊದಲೇ ಎಲ್ಲಿಗೋ ಹೋದದ್ದೂ ಗೊತ್ತಿತ್ತು.

“ಮತ್ತ ಜಿಜಾ?”

“ಆಕಿ ಕೂಸಿನ ಕಟಗೊಂಡು ಇಲ್ಲೇ ಬೀಳ್ಲಿ. ಹೋಗ, ವಿಚಾರ ಮಾಡಿ ಬಾ. ಟ್ರಕ್ಕ ನಿಂತದ.”

ಕೌಸಲ್ಯಾಬಾಯಿ ಕೇರಿಗೆ ಬಂದಳು. ಬೋರಿನ ಹಿಡಿಕೆ ಒತ್ತಿದರೆ ಉಸಿರಷ್ಟೇ ಬಂತು, ನೀರು ಬರಲಿಲ್ಲ. ಟ್ಯಾಂಕರ್ ಬರುವುದು ನಾಳೆ. ಉಗುಳು ಹಚ್ಚಿ ಸೆರಗಿನಿಂದ ತಿಕ್ಕಿದಳು. ಮೀಸೆ ಹೋಗಿ ಬಾಯಿಯ ಸುತ್ತ ಕಪ್ಪು ಹರಡಿಕೊಂಡಿತು. ಸಂತಪುರದಲ್ಲಿ ಆ ವರ್ಷ ತೊಗರಿ ಹೂವಿನಲ್ಲೇ ಉದುರಿತ್ತು. ಹಾಗಾಗಿ ಯಾರ ಹೊಲದಲ್ಲೂ ಕೂಲಿ ಇರಲಿಲ್ಲ. ಕೇರಿಯ ಅರ್ಧ ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು. ಹೋಗದೆ ಉಳಿದವರೆಂದರೆ ನಡೆಯಲಾರದ ಮುದುಕರು, ಮತ್ತು ಯಾರಿಗೂ ಬೇಡವಾದವರು.

ಜಿಜಾಬಾಯಿ ಅಕ್ಕನ ಮುಖ ನೋಡಿದಳು. ಏನಾಯಿತೆಂದು ಕೇಳಲಿಲ್ಲ. ಗಂಡ ಹೈದರಾಬಾದಿಗೆಂದು ಹೋಗಿ ತಿರುಗಿ ಬಾರದ ದಿನದಿಂದ ಅವಳು ಯಾರನ್ನೂ ಏನೂ ಕೇಳುವುದು ಬಿಟ್ಟಿದ್ದಳು. ಮಗಳಿಗೆ ಹೇನು ನೋಡುತ್ತಿದ್ದವಳು ಕೈ ನಿಲ್ಲಿಸಿ, ಗೋಡೆಯ ಕಡೆ ನೋಡದೆ, ಗೋಡೆಯ ವಿಷಯ ಹೇಳಿದಳು.

“ಅಕ್ಕಾ, ಅಲ್ಲಿ… ಭಾವಂದು ಫೋಟೋ ಅದಲ್ಲ.”

ಬುದ್ಧನ ಪಟದ ಪಕ್ಕದಲ್ಲಿ ಪಂಢರಿಯ ಫೋಟೋ ಇತ್ತು. ಬೀದರಿನ ಸ್ಟುಡಿಯೋ ಒಂದರಲ್ಲಿ ಬಾಡಿಗೆ ಕೋಟು ಹಾಕಿಕೊಂಡು, ಬಟ್ಟೆಯ ಮೇಲೆ ಬರೆದ ಕೋಟೆಯ ಮುಂದೆ ನಿಂತು ತೆಗೆಸಿಕೊಂಡದ್ದು. ಅದೇ ಬೀದರಿನಲ್ಲಿ, ಪೈಪು ಹಾಕುವ ತೋಡು ಅವನ ಮೇಲೆ ಕುಸಿದು ಬಿತ್ತು. ಮೇಲೆತ್ತಿದಾಗ ಅವನ ಮುಖ ಮುಖದಂತಿರಲಿಲ್ಲ. ಹಾಗಾಗಿ ಕೌಸಲ್ಯಾಬಾಯಿಗೆ ಅವನ ಮುಖವೆಂದರೆ ಈ ಫೋಟೋ ಒಂದೇ.

ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟು, ಕಂಪನಿ ಫೋನಿಗೆ ಟೋಳಿಯವರ ಹೆಸರನ್ನೂ ಹಚ್ಚಿಕೊಡುತ್ತಿದ್ದ ಜಹೀರೋದ್ದೀನ ಫೋಟೋ ನೋಡಿ ಕೈ ಹಿಂದೆ ತೆಗೆದುಕೊಂಡ.

“ತೌಬಾ, ಕೌಸಲ್ಯಾಬಾಯಿ! ಸತ್ತ ಮುರ್ದಾಕ್ಕ ಕೆಲಸಕ್ಕ ಹಚ್ತಿ ಏನ ಮಾ?”

“ಇದ್ದಾಗ ದುಡದಾನ. ಸತ್ತ ಮ್ಯಾಲ ಒಂದ ಸಲ ಮುಖ ತೋರಸ್ಲಿ. ಹಚ್ಚ ಭಾಯಿ, ನಿನ್ನ ಪಾಂವ ಬೀಳ್ತೇನಿ.”

ಅವನು ತನ್ನ ಫೋನಿನಲ್ಲಿ ಆ ಹಸಿರು ಪರದೆ ತೆರೆದ. ಆ ಹಸಿರನ್ನು ಕಂಡು ಕೌಸಲ್ಯಾಬಾಯಿಗೆ ಹಿಂದಿನ ವರ್ಷದ ಒಂದು ಮಧ್ಯಾಹ್ನ ನೆನಪಾಯಿತು. ಕಂಪನಿಯ ಮಂದಿ ಕಾರಿನಲ್ಲಿ ಪಾಟೀಲನ ಕಟ್ಟೆಗೆ ಬಂದು, ಫೋನು ಹೇಗಿರಬೇಕು ಎಂದು ಎಲ್ಲರನ್ನೂ ಕೇಳಿದ್ದರು. ಕಟ್ಟೆಯ ಮೇಲಿದ್ದ ಮುಕಾದಮರು ಹೇಳುತ್ತಲೇ ಇದ್ದರು, ಅವರು ಬರೆದುಕೊಳ್ಳುತ್ತಲೇ ಇದ್ದರು. ಹೆಂಗಸರು ಕೆಳಗೆ ಮಣ್ಣಿನಲ್ಲಿ ಕೂತಿದ್ದರು. ಎದ್ದು ಹೋಗುವಾಗ, ಬಿಟ್ಟು ಹೋದೀತೆಂಬಂತೆ, ಒಬ್ಬಳು ಹುಡುಗಿ ಬಗ್ಗಿ ಕೇಳಿದ್ದಳು: “ನಿಮಗೆ ಯಾವ ಬಣ್ಣ ಇಷ್ಟ ಅಮ್ಮಾ?” ಹೆಂಗಸರು ಮುಖ ಮುಖ ನೋಡಿಕೊಂಡಿದ್ದರು. ಕೊನೆಗೆ ಮುದುಕಿ ಶೇವಂತಾಬಾಯಿ, “ಹಸರ ನೋಡಿ ಭಾಳ ದಿನಾ ಆತವ್ವಾ, ಹಸರ ಇಡ್ರಿ” ಎಂದಿದ್ದಳು.

ಜಹೀರೋದ್ದೀನ ಗಾಜಿನ ಮೇಲೆ ಬೆಳಕು ಬೀಳದಂತೆ ಫೋಟೋವನ್ನು ಓರೆ ಹಿಡಿಯಲು ಹೇಳಿದ. ಕೌಸಲ್ಯಾಬಾಯಿ ಹಿಡಿದಳು. ಅವಳ ಮುಖಕ್ಕೆ ಎರಡು ಸಲ ಇಲ್ಲವೆಂದಿದ್ದ ದನಿ ಪಂಢರಿಗೆ ಒಂದೇ ಏಟಿಗೆ ಒಪ್ಪಿಕೊಂಡಿತು.

“ಗಂಡನ ಮುಖ ಗುರುತಿಸಲಾಗಿದೆ. ಧನ್ಯವಾದಗಳು.”

ಬದುಕಿದ್ದಷ್ಟು ದಿನ ಆ ಮನುಷ್ಯನಿಗೆ ಯಾರೂ ಆ ಮಾತು ಹೇಳಿದ್ದು ಕೌಸಲ್ಯಾಬಾಯಿಗೆ ನೆನಪಿರಲಿಲ್ಲ.

“ಈಗ ಹೆಂಡತಿಯ ಮುಖ ತೋರಿಸಿ.”

ಅವಳು ಮುಂದೆ ಬಂದಳು. ಜಹೀರೋದ್ದೀನ ಅವಳನ್ನು ತಡೆದು, ಹಿಂದೆ ನಿಂತಿದ್ದ ಜಿಜಾಬಾಯಿಯನ್ನು ತೋರಿಸಿದ. “ನಿಂದು ಹಚ್ಚಿದ್ರ ಆಕಿ ಉಳೀತಾಳ ಬಾಯಿ. ಇಬ್ರಿಗೇ ಜಾಗಾ. ಒಂದು ಜಾಗಾ ಫೋಟೋ ತಗೊಂಡದ. ನೀ ದಿನಾ ಫೋಟೋ ಹಿಡ್ಕೊಂಡು ನಿಂದ್ರು, ಆಕಿ ಮುಖ ತೋರ್ಸಲಿ. ಆಗಷ್ಟೇ ಇಬ್ರೂ ಹೋಗ್ತೀರಿ.”

ಕೌಸಲ್ಯಾಬಾಯಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. “ಅಂದ್ರ ನಾ ಎಲ್ಲಿ ಅದೀನಿ ಇದರಾಗ?”

“ನೀ ಇಲ್ಲ.”

ಜಿಜಾಬಾಯಿಯನ್ನು ಫೋನಿನ ಮುಂದೆ ನಿಲ್ಲಿಸಿದರು. ಪರದೆಯ ಎಡಕ್ಕೆ ಕೋಟು ಹಾಕಿದ ಪಂಢರಿ, ಬಲಕ್ಕೆ ಖಾಲಿ ಜಾಗ. ಜಿಜಾಬಾಯಿ ಅವನನ್ನು ನೋಡಿದ್ದೇ ತಟ್ಟನೆ ಸೆರಗನ್ನು ಗದ್ದದವರೆಗೆ ಎಳೆದುಕೊಂಡಳು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಗಂಡನ ಅಣ್ಣನಿಗೆ ಅವಳು ಮುಖ ತೋರಿಸಿದವಳಲ್ಲ. ಅವನು ಅಂಗಳದಲ್ಲಿದ್ದರೆ ಹಿತ್ತಲಿನಿಂದ ಬರುತ್ತಿದ್ದಳು. ಸತ್ತ ಮೇಲೂ ಗೋಡೆಯ ಬುಡ ಗುಡಿಸುವಾಗ ಸೆರಗು ಎಳೆದುಕೊಂಡೇ ಗುಡಿಸುತ್ತಿದ್ದಳು.

“ಮುಖ ಮುಚ್ಚಿದೆ. ದಯವಿಟ್ಟು ಹೊದಿಕೆ ತೆಗೆಯಿರಿ.”

“ಅಕ್ಕಾ, ಭಾವನ ಮುಂದ… ಹೆಂಡ್ತಿ ಅಂತ… ನನ್ನ ಕೈಲೆ ಆಗಂಗಿಲ್ಲ.”

“ತೆಗಿ. ಸತ್ತಾನ. ನೋಡಂಗಿಲ್ಲ.”

“ಅಕ್ಕಾ…”

“ಕೂಸಿನ ಸಲುವಾಗಿ ತೆಗಿ!” ಕೌಸಲ್ಯಾಬಾಯಿ ತಾನೇ ಕೈ ಹಾಕಿ ಅವಳ ಸೆರಗು ಎಳೆದಳು. ಜಿಜಾಬಾಯಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತಳು. ಕಣ್ಣು ತೆರೆಯಿರಿ ಎಂದಿತು ಫೋನು. ತೆರೆದಳು. ಹಸಿರು ಪರದೆಯಲ್ಲಿ ಇಬ್ಬರ ಮುಖವೂ ಅಕ್ಕಪಕ್ಕ ಬಂದು, ಸುತ್ತ ಹೂವಿನ ಗೆರೆ ಮೂಡಿ, ಅಭಿನಂದನೆಗಳು ಎಂದಿತು. ಬರುವಾಗ ದಾರಿಯುದ್ದಕ್ಕೂ ಕೌಸಲ್ಯಾಬಾಯಿ ಫೋಟೋವನ್ನು ಸೆರಗಿನೊಳಗೆ, ಮುಖ ತನ್ನ ಎದೆಯ ಕಡೆ ತಿರುಗಿಸಿ ಹಿಡಿದುಕೊಂಡಿದ್ದಳು.

ಮರುದಿನ ಪಾಟೀಲ ತನ್ನ ಫೋನಿನಲ್ಲಿ ಆ ಜೋಡಿಯನ್ನು ಕಂಡು ಮೊದಲು ಬೈದ, ಆಮೇಲೆ ನಕ್ಕ. ಟೋಳಿಗೆ ಕೊಯ್ತಾ ಕಡಿಮೆ ಬಿದ್ದಿದ್ದವು. “ಹೊಲಸ ಕೇರಿಯವ್ರು ಸತ್ರೂ ಬಿಡಂಗಿಲ್ಲ ಬಿಡ್ರಿ. ಏರ್ರಿ. ಕಂಪನ್ಯಾಗ ಯಾರರೆ ಕೇಳಿದ್ರ ನಂಗೇನೂ ಗೊತ್ತಿಲ್ಲ.” ಮಾಣಿಕ ಮಾತ್ರ ನಗಲಿಲ್ಲ. ಟ್ರಕ್ಕಿನ ಮೇಲಿನಿಂದ ಜಿಜಾಬಾಯಿಯನ್ನು ನೋಡುತ್ತಿದ್ದ.

ಭಾಲ್ಕಿ ತಾಲೂಕಿನ ಹಲಬರ್ಗಾದ ಆಚೆ, ಬೋರಿನ ನೀರು ಕುಡಿದು ನಿಂತಿದ್ದ ಕಬ್ಬಿನ ಬದುವಿನಲ್ಲಿ ಟೋಳಿ ಇಳಿಯಿತು. ರವದಿ ಹೊದಿಸಿದ ಗುಡಿಸಲುಗಳು ಸಾಲಾಗಿ ಎದ್ದವು. ಪ್ರತಿದಿನ ನಸುಕಿನಲ್ಲಿ ಪಾಟೀಲ ಫೋನು ಹಿಡಿದು ನಿಲ್ಲುತ್ತಿದ್ದ. ಜೋಡಿಗಳು ಒಂದೊಂದಾಗಿ ಮುಖ ತೋರಿಸಿ ಗದ್ದೆಗೆ ಇಳಿಯಬೇಕು. ಮುಖ ತೋರಿಸಿದವರಿಗಷ್ಟೇ ಆ ದಿನದ ಟ್ಯಾಂಕರ್ ನೀರು. ಕೌಸಲ್ಯಾಬಾಯಿ ತನ್ನ ಸರದಿ ಬಂದಾಗ ಫೋಟೋವನ್ನು ಮುಖಕ್ಕೆ ಅಡ್ಡ ಹಿಡಿದು ನಿಲ್ಲುತ್ತಿದ್ದಳು.

“ಶುಭೋದಯ, ಪಂಢರಿ. ನಿಮ್ಮ ಹಾಜರಿ ಆಗಿದೆ.”

“ಏನಪಾ ಪಂಢರಿ, ಇದ್ದಾಗ ಒಂದಿನಾನೂ ಇಷ್ಟು ಲಗೂ ಎದ್ದಿಲ್ಲಲೊ ನೀ!” ಎನ್ನುತ್ತಿದ್ದಳು ಶೇವಂತಾಬಾಯಿ. ಟೋಳಿಯಲ್ಲಿ ಎಲ್ಲರಿಗಿಂತ ಹಿರಿಯಳು. ಸೊಂಟ ಬಾಗಿದ್ದರೂ ಗಂಡನಿಗಿಂತ ಹೆಚ್ಚು ಕಟ್ಟುವವಳು. “ಚಹಾ ಕುಡದೇನ? ಇಲ್ಲಾ? ನಿನ್ನ ಹೇಣ್ತಿ ಹಂಗೇ ಉಪವಾಸ ಕಳಸ್ಯಾಳ ನೋಡು.”

ಹೆಂಗಸರು ನಗುತ್ತಿದ್ದರು. ಕೌಸಲ್ಯಾಬಾಯಿಯೂ ನಗುತ್ತಿದ್ದಳು. ಅವಳು ಯಾರಿಗೂ ಹೇಳದ ಮಾತೆಂದರೆ, ಆ ಹೆಸರನ್ನು ದಿನಕ್ಕೊಮ್ಮೆ ಯಾರಾದರೂ ಗಟ್ಟಿಯಾಗಿ ಕರೆಯುವುದು ಅವಳಿಗೆ ಹಿತವಾಗಿತ್ತು. ಆದರೆ ಮರುಗಳಿಗೆಯೇ ಜಿಜಾಬಾಯಿಯ ಮುಖ ಬಂದು ಅವನ ಪಕ್ಕದಲ್ಲಿ ಕೂರುತ್ತಿತ್ತು. ಆಗ ಕೌಸಲ್ಯಾಬಾಯಿ ಬೇರೆ ಕಡೆ ನೋಡುತ್ತಿದ್ದಳು. ಜಿಜಾಬಾಯಿ ಎಲ್ಲ ಕಡೆಯೂ ನೆಲವನ್ನೇ ನೋಡುತ್ತಿದ್ದಳು. ಗುಡಿಸಲಿನಲ್ಲಿ ಅವಳು ಫೋಟೋದ ಕಡೆ ಬೆನ್ನು ಮಾಡಿ ಉಣ್ಣುತ್ತಿದ್ದಳು. ಒಂದು ಸಂಜೆ ಒಲೆಯ ಮುಂದೆ, “ಅಕ್ಕಾ, ನೀ ನನ್ನ ಮ್ಯಾಲ ಸಿಟ್ಟಾಗಿ ಇಲ್ಲಲ್ಲ?” ಎಂದಳು. ಕೌಸಲ್ಯಾಬಾಯಿ ರೊಟ್ಟಿ ಬಡಿಯುತ್ತಲೇ, “ಹುಚ್ಚಿ” ಎಂದಳು. ಮೊದಲ ರೊಟ್ಟಿಯನ್ನು ಅವಳ ತಾಟಿಗೆ ಹಾಕಿದಳು.

ಕಂಪನಿಯ ಮೇಡಂ ಬಂದದ್ದು ಒಂದು ನಸುಕಿನಲ್ಲಿ, ಹಾಜರಿಯ ಹೊತ್ತಿಗೆ ಸರಿಯಾಗಿ, ಬೀದರಿನಿಂದ ಕಾರಿನಲ್ಲಿ. ಬಣ್ಣ ಕೇಳಿದ್ದ ಅದೇ ಹುಡುಗಿ. ಅವಳ ಕೈಯಲ್ಲಿ ಗಂಡನಿಗೊಂದು ಹಸಿರು ಟೋಪಿ, ಹೆಂಡತಿಗೊಂದು ಡಜನ್ ಹಸಿರು ಬಳೆ ಇದ್ದವು.

“ಪಂಢರಿ ಅವರು ಎಲ್ಲಿ? ಈ ಭಾಗದಲ್ಲೇ ಅವರದು ಬೆಸ್ಟ್ ಜೋಡಿ. ಒಂದು ಫೋಟೋ ಬೇಕಿತ್ತು.”

ಪಾಟೀಲ ಕೆಮ್ಮಿದ. ಕೌಸಲ್ಯಾಬಾಯಿ ಫೋಟೋ ಹಿಡಿದುಕೊಂಡು ಮುಂದೆ ಬಂದಳು.

“ಇಂವನೇ ರಿ ಪಂಢರಿ.”

ಮೇಡಂ ಮೊದಲು ನಕ್ಕಳು. ಆಮೇಲೆ ಅವಳ ಕಣ್ಣು ಚೌಕಟ್ಟಿಗೆ ಸುತ್ತಿದ್ದ ಒಣಹಾರದ ಮೇಲೆ ನಿಂತಿತು. “ಇವರು… ಇಲ್ವಾ?”

“ಇಲ್ರಿ.”

“ಮತ್ತೆ ಇಷ್ಟು ಕಬ್ಬು ಕಡಿದೋರು?”

“ನಾ ರಿ. ಕಡದಾಕಿ ನಾ, ಕಟ್ಟದಾಕಿ ನನ್ನ ನೆಗೆಣ್ಣಿ. ನಿಮ್ಮ ಫೋನಿಗಿ ನಾ ಕಾಣಂಗಿಲ್ರಿ. ಇಂವ ಕಾಣ್ತಾನ.”

“ನಂಗೇನೂ ಗೊತ್ತಿಲ್ಲ ಮೇಡಂ!” ಪಾಟೀಲ ನಡುವೆ ಬಾಯಿ ಹಾಕಿದ. “ಈ ಜನಾನೇ ಹಿಂಗ. ಹುಟ್ಟಾ ಮೋಸದವ್ರು. ಭಾಡ್ಕಾವ ರಂಡಿ, ಹೆಣಾ ತಂದು ಹಾಜರಿ ಹಾಕ್ಸತಿ ಏನ?”

ಮೇಡಂ ಕೆಟ್ಟವಳಾಗಿರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು. “ಅಮ್ಮಾ, ಆಗಲೇ ಹೇಳಬಹುದಿತ್ತಲ್ವಾ? ನಾವು ಊರೂರಿಗೆ ಬಂದು ಎಲ್ಲರನ್ನೂ ಕೇಳಿಯೇ ಮಾಡಿದ್ದು.”

“ಕೇಳಿದ್ರಿ,” ಎಂದಳು ಶೇವಂತಾಬಾಯಿ ಹಿಂದಿನಿಂದ. “ಬಣ್ಣಾ ಕೇಳಿದ್ರಿ.”

ಮೇಡಂ ಫೋನು ತೆಗೆದು ಬಹಳ ಹೊತ್ತು ಬೆರಳಾಡಿಸಿದಳು. ಕೊನೆಗೆ ಯಾರನ್ನೂ ನೋಡದೆ ಹೇಳಿದಳು: “ನನ್ನ ಕೈಯಲ್ಲಿ ಏನಿಲ್ಲ. ಇದು ಸುಳ್ಳು ಅಂತ ಮೇಲೆ ಹೋದರೆ ಇಡೀ ಟೋಳಿಯನ್ನೇ ನಿಲ್ಲಿಸಿಬಿಡ್ತಾರೆ. ಗಂಡನ್ನ ಬದಲಾಯಿಸೋಕೆ ಬರುತ್ತೆ. ತೆಗೆಯೋಕೆ ಬರಲ್ಲ.”

“ಬದಲಿ ಮಾಡ್ರಿ ಮತ್ತ!” ಎಂದ ಪಾಟೀಲ. “ಮಾಣ್ಯಾ, ಬಾ ಇಲ್ಲಿ.”

ಮಾಣಿಕ ತಲೆ ಬಾಚಿಕೊಂಡೇ ಬಂದಿದ್ದ. ಫೋನಿನ ಮುಂದೆ ನಿಂತು ಮೀಸೆ ತೀಡಿದ.

“ಗಂಡನ ಮುಖ ಗುರುತಿಸಲಾಗಿದೆ. ಈಗ ಹೆಂಡತಿಯ ಮುಖ ತೋರಿಸಿ. ಅಲ್ಲಿಯವರೆಗೆ ಹಳೆಯ ಜೋಡಿ ಮುಂದುವರಿಯುತ್ತದೆ.”

ಕೌಸಲ್ಯಾಬಾಯಿ ತಟ್ಟನೆ ಜಿಜಾಬಾಯಿಯ ಕಡೆ ತಿರುಗಿದಳು. ಹೆಂಡತಿ ಎಂದರೆ ಅಲ್ಲಿ ತಾನಲ್ಲ. ಅಂದು ಅಂಗಡಿಯಲ್ಲಿ ತಾನೇ ಸೆರಗು ಎಳೆದು, ತಾನೇ ಗದರಿಸಿ, ಆ ಜಾಗದಲ್ಲಿ ನಿಲ್ಲಿಸಿದ್ದು ಜಿಜಾಬಾಯಿಯನ್ನು. ಮಾಣಿಕ ಆಗಲೇ ಗುಡಿಸಲುಗಳ ಕಡೆ ನೋಡುತ್ತಿದ್ದ. ಅವುಗಳಲ್ಲಿ ಯಾವುದು ಎಂದು ಅವನಿಗೆ ಗೊತ್ತಿತ್ತು.

“ಏ ಜಿಜಾ, ಬಾ ಮುಂದ. ಲಗೂ.”

ಜಿಜಾಬಾಯಿ ಬಂದಳು. ಕರೆದ ಕಡೆ ಹೋಗಿ ಹೋಗಿ ರೂಢಿಯಾದ ಹೆಜ್ಜೆ. ಮಗಳು ಅವಳ ಸೀರೆಯ ನೆರಿಗೆ ಹಿಡಿದು ಹಿಂದೆಯೇ ಬಂತು. ಫೋನಿನ ಮುಂದೆ ನಿಂತು ಅವಳು ಅಕ್ಕನನ್ನು ನೋಡಿದಳು, ಏನೂ ಕೇಳದೆ.

ಕೌಸಲ್ಯಾಬಾಯಿ ಪಂಢರಿಯ ಫೋಟೋವನ್ನು ಕಡಿದ ಕಬ್ಬಿನ ಮೋಳಿಗೆಗೆ ಒರಗಿಸಿ ಇಟ್ಟಳು. ನಡೆದು ಬಂದು, ಜಿಜಾಬಾಯಿಯ ಸೆರಗಿನ ಅಂಚು ಹಿಡಿದು, ಹಣೆ, ಕಣ್ಣು, ಮೂಗು, ಬಾಯಿ, ಗದ್ದದವರೆಗೂ ಎಳೆದು ಬಿಟ್ಟಳು.

“ಮುಖ ಮುಚ್ಚಿದೆ. ದಯವಿಟ್ಟು ಹೊದಿಕೆ ತೆಗೆಯಿರಿ.”

“ಏ! ತೆಗಿಲೇ!”

“ತೆಗ್ಯಂಗಿಲ್ಲ ಪಾಟೀಲ್ರ.”

“ನೀರ ಸಿಗಂಗಿಲ್ಲ, ನೋಡು! ಕೂಸಿನ ಬಾಯಾಗ ಹನಿ ನೀರ ಬೀಳಗೊಡಂಗಿಲ್ಲ!”

ಕೌಸಲ್ಯಾಬಾಯಿ ಒಮ್ಮೆ ಕೂಸಿನ ಕಡೆ ನೋಡಿದಳು. ಸೆರಗಿನ ಅಂಚನ್ನು ಮಾತ್ರ ಬಿಡಲಿಲ್ಲ. ಪಾಟೀಲ ಕೆಟ್ಟದೊಂದು ಬೈದು ಫೋನನ್ನು ಮುಂದಿನ ಜೋಡಿಯ ಕಡೆ ತಿರುಗಿಸಿದ. ಇವಳನ್ನು ಆಮೇಲೆ ನೋಡಿಕೊಳ್ಳುವ ಲೆಕ್ಕ ಅವನದು. ಮುಂದಿನ ಸರದಿ ಶೇವಂತಾಬಾಯಿಯದು. ಅವಳ ಗಂಡ ಮುಖ ತೋರಿಸಿ ಸರಿದ. ಮುದುಕಿ ಬಂದು ನಿಂತಳು, ಬೊಚ್ಚುಬಾಯಲ್ಲಿ ಪಾಟೀಲನನ್ನು ನೋಡಿ ನಕ್ಕಳು, ಸೆರಗು ಎಳೆದುಕೊಂಡಳು.

“ಮುಖ ಮುಚ್ಚಿದೆ.”

“ಮುದಿ ಸೂಳಿ, ನಿಂದೇನಲೇ!”

“ನಂಗ ನಾಚಗಿ ಬರ್ಲಕತ್ತದ ಪಾಟೀಲ್ರ,” ಎಂದಿತು ಸೆರಗಿನೊಳಗಿನ ದನಿ. “ಹೊಸಾ ಮದಿಮಗ ನಿಂತಾನಲ್ಲ, ಮಾಣಿಕ.”

ಅವಳ ಹಿಂದಿನವಳು ಎಳೆದುಕೊಂಡಳು. ಅವಳ ಹಿಂದಿನವಳು ಗಂಡನ ಕಡೆ ಒಮ್ಮೆ ಹೆದರಿ ನೋಡಿ, ಎಳೆದುಕೊಂಡಳು. ಗಂಡಸರಲ್ಲಿ ಕೆಲವರು ಬೈದರು, ಒಬ್ಬ ಹೆಂಡತಿಯ ಬೆನ್ನಿಗೆ ಗುದ್ದಿದ. ಸೆರಗು ಏಳಲಿಲ್ಲ. ಟ್ರಕ್ಕು ಖಾಲಿ ನಿಂತಿತ್ತು. ಟ್ಯಾಂಕರಿನ ನಲ್ಲಿಗೆ ಪಾಟೀಲನ ಆಳು ಸರಪಳಿ ಹಾಕುವ ಸದ್ದು ಕೇಳಿತು. ಜಿಜಾಬಾಯಿಯ ಮಗಳು ಆ ಕಡೆ ನೋಡಿ, “ಯವ್ವಾ, ನೀರು” ಎಂದಿತು. ಮೇಡಂ ಟೋಪಿ, ಬಳೆ ಹಿಡಿದುಕೊಂಡು ಕಾರಿನ ಬಾಗಿಲ ಬಳಿ ನಿಂತೇ ಇದ್ದಳು.

ಪಾಟೀಲ ಸಾಲಿನ ಕೊನೆಯವರೆಗೆ ಹೋಗಿ ತಿರುಗಿ ಬಂದ. ಹೋದಲ್ಲೆಲ್ಲ ಆ ಮೆತ್ತನೆಯ ದನಿ ಹೊದಿಕೆ ತೆಗೆಯಿರಿ, ಹೊದಿಕೆ ತೆಗೆಯಿರಿ ಎಂದು ಬೇಡುತ್ತಿತ್ತು. ದಣಿದು ಅವನು ಫೋನು ಹಿಡಿದ ಕೈ ಕೆಳಗಿಳಿಸಿದ. ಅಲ್ಲಿ, ಕಬ್ಬಿನ ಮೋಳಿಗೆಗೆ ಒರಗಿ, ಬಾಡಿಗೆ ಕೋಟು ಹಾಕಿಕೊಂಡ ಪಂಢರಿ ಬರೆದ ಕೋಟೆಯ ಮುಂದೆ ನಿಂತಿದ್ದ.

“ಶುಭೋದಯ, ಪಂಢರಿ,” ಎಂದಿತು ಫೋನು. “ನಿಮ್ಮ ಹಾಜರಿ ಆಗಿದೆ.”